ಕಾಲುವೆಗಿಂತ ಮೊದಲಿನ ಸಾವುಗಳು

ಯಾದಗಿರಿಯ ಸಭಾಭವನವೊಂದರಲ್ಲಿ ನನ್ನ ತಂಗಿಯ ಅರ್ಜಿಯ ಮೇಲೆ ಅಡ್ಡಗೆರೆ ಎಳೆದವನ ಮುಖ ನನಗೆ ಈಗಲೂ ಸ್ಪಷ್ಟವಾಗಿ ನೆನಪಿದೆ. ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ, ಬಲಗೈ ಹೆಬ್ಬೆರಳಿಗೆ ಶಾಯಿ ಹತ್ತಿತ್ತು. ನನ್ನ ತಂಗಿಗೆ ಆಗ ಐವತ್ತೊಂದು ವರ್ಷ. ಅವನಿಗೆ ಮೂವತ್ತು ದಾಟಿರಲಿಕ್ಕಿಲ್ಲ. ನಾನು ಹೊರಗಿನ ನಲ್ಲಿಯಿಂದ ನೀರು ತುಂಬಿಸಿಕೊಂಡು ಒಳಗೆ ಬರುವ ಹೊತ್ತಿಗೆ ಅವನು, “ಏ ಅವ್ವಾ, ನೀ ಆ ಕಡಿ ಸರಿ, ನಿಂದು ಇದ್ರಾಗ ಬರಂಗಿಲ್ಲ” ಎನ್ನುತ್ತಿದ್ದ. ನನ್ನ ಇಸ್ತ್ರಿಯ ಸೀರೆಯನ್ನೂ ಕೈಗಡಿಯಾರವನ್ನೂ ಕಂಡದ್ದೇ ಅರ್ಧ ಎದ್ದು, “ಕುಂದರ್ರಿ ಅಕ್ಕೋರ, ತಾವು ಯಾರ ಕಡಿಯವ್ರು?” ಎಂದ.

“ಇಕಿ ಕಡಿಯಾಕಿ,” ಎಂದೆ. “ನಾವಿಬ್ರೂ ಒಂದ ಹೊಟ್ಟ್ಯಾಗ ಹುಟ್ಟಿದವ್ರು. ನನಗ ಕೊಟ್ಟ ಮರ್ಯಾದಿ ಅಕಿಗೂ ಕೊಡ್ರಿ.”

ಅವನು ನಕ್ಕ. ಪಕ್ಕದ ಮೇಜಿನವನೂ ನಕ್ಕ. ನಾನು ನಗಲಿಲ್ಲ. ನನ್ನ ತಂಗಿ ಸೆರಗನ್ನು ಬಲಭುಜದ ಮೇಲೆ ಎಳೆದುಕೊಂಡು, “ಹೋಗ್ಲಿ ಬಿಡಕ್ಕ” ಎಂದು ನನ್ನ ಕೈ ಹಿಡಿದಳು. ಮೂವತ್ತೆಂಟು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ, ಕೊನೆಗೆ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು ನಾನು. ಬಡವರನ್ನು ಯಾರು ಯಾವಾಗ ಏಕವಚನಕ್ಕೆ ಇಳಿಸುತ್ತಾರೆ ಎಂಬುದನ್ನು ಗಮನಿಸದೆ ಬಿಡುವುದು ನನ್ನಿಂದ ಎಂದೂ ಆಗಿಲ್ಲ.

ನಾವು ಅಲ್ಲಿಗೆ ಹೋದ ಕಾರಣವನ್ನು ಹೇಳಬೇಕು. ಅದರ ಹಿಂದಿನ ವರ್ಷ ನನ್ನ ತಂಗಿಗೆ ಎದೆಯ ಕ್ಯಾನ್ಸರ್ ಎಂದು ತಿಳಿದು, ಕಲಬುರಗಿಯಲ್ಲಿ ಬಲಗಡೆಯ ಸ್ತನವನ್ನು ತೆಗೆದುಹಾಕಿದ್ದರು. ಔಷಧಿಯೆಲ್ಲ ಮುಗಿದು ಅವಳ ತಲೆಗೂದಲು ಮತ್ತೆ ಬೆರಳುದ್ದ ಬೆಳೆದಿತ್ತು. ಕೊನೆಯ ಭೇಟಿಯಲ್ಲಿ ಅಲ್ಲಿನ ವೈದ್ಯೆ ಒಂದು ಮಾತು ಹೇಳಿದ್ದರು: ಈ ರೋಗದ ಸಾಧ್ಯತೆ ಕೆಲವು ಮನೆತನಗಳಲ್ಲಿ ರಕ್ತದ ಮೂಲಕ ಇಳಿದು ಬರುತ್ತದೆ, ಅದನ್ನು ಪರೀಕ್ಷೆಯಿಂದ ಮೊದಲೇ ತಿಳಿಯಬಹುದು, ಯಾದಗಿರಿಯಲ್ಲಿ ತಿಂಗಳಿಗೊಮ್ಮೆ ನಡೆಯುವ ಶಿಬಿರಕ್ಕೆ ಇಂಥ ವಿಷಯದಲ್ಲಿ ಸಲಹೆ ಕೊಡುವವರು ಬರುತ್ತಾರೆ. ಅಲ್ಲಿ ಪರೀಕ್ಷೆ ಉಚಿತ. ಆದರೆ ಮನೆತನದಲ್ಲಿ ಬೇರೆ ಹೆಂಗಸರಿಗೂ ರೋಗವಿತ್ತು ಎಂದು ಅರ್ಜಿಯಲ್ಲಿ ಕಾಣಬೇಕು. ಮೊದಲು ರೋಗ ಬಂದವಳ ರಕ್ತ ನೋಡುತ್ತಾರೆ. ಅವಳಲ್ಲಿ ದೋಷ ಕಂಡರೆ ಮಾತ್ರ ಮಗಳ ರಕ್ತ.

ಮಗಳು ಎಂದರೆ ನನ್ನ ತಂಗಿಯ ಒಬ್ಬಳೇ ಮಗಳು, ಇಪ್ಪತ್ತನಾಲ್ಕರವಳು. ಶಹಾಪುರದಲ್ಲಿ ನನ್ನ ಮನೆಯಲ್ಲಿದ್ದುಕೊಂಡು ಬಸ್ ನಿಲ್ದಾಣದ ಹಿಂದಿನ ಅಂಗಡಿಯೊಂದರಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಶಸ್ತ್ರಚಿಕಿತ್ಸೆಯಾದ ಮೇಲೆ ತಾಯಿಯ ಬ್ಲೌಸಿನ ಒಳಗೆ ಹತ್ತಿ ತುಂಬಿದ ಚೀಲವನ್ನು ಅಳತೆ ಮಾಡಿ ಹೊಲಿದು ಕೊಟ್ಟವಳು ಅವಳೇ. “ಯವ್ವಾ, ಊರಾಗ ಯಾರಿಗಾರ ಗೊತ್ತಾದ್ರ ನನ್ನ ಮಷೀನ್ ಮಾರಿಬಿಡ್ತೀನಿ” ಎಂದಿದ್ದಳು. ಆ ಹುಡುಗಿಯ ಮೈಯಲ್ಲಿ ಅದೇ ದೋಷ ಇದೆಯೋ ಇಲ್ಲವೋ ಎಂಬುದನ್ನು ಗಂಟು ಏಳುವ ಮೊದಲೇ ತಿಳಿಯಬೇಕಾಗಿತ್ತು. ಅಡ್ಡಗೆರೆ ಬಿದ್ದದ್ದು ಅದರ ಮೇಲೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದೆ: “ಅಂವ ಏನ್ ಕೇಳಿದ ನಿನಗ?”

“ನಿಮ್ಮವ್ವಗ, ಅಜ್ಜಿಗ, ಚಿಕ್ಕವ್ವಗ ಯಾರಿಗರ ಈ ಬ್ಯಾನಿ ಇತ್ತೇನು ಅಂದ.”

“ನೀ ಏನಂದಿ?”

“ಇಲ್ರಿ ಅಂದೆ. ಅವ್ರೆಲ್ಲ ಕಾಲುವಿ ಬರೋಕ ಮೊದಲ ಸತ್ತವ್ರು. ಅವಾಗ ಈ ರೋಗ ಎಲ್ಲಿತ್ತಕ್ಕ?”

ಅವಳ ಮೇಲೆ ಸಿಟ್ಟು ಮಾಡಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಏಕೆಂದರೆ ಆ ಉತ್ತರ ಅವಳೊಬ್ಬಳದಲ್ಲ. ನಮ್ಮ ದೋರನಹಳ್ಳಿಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ನಾನು ಹುಡುಗಿಯಾಗಿದ್ದಾಗ ಆ ಹೊಲಗಳಲ್ಲಿ ಜೋಳ, ತೊಗರಿ, ಅಲ್ಲಲ್ಲಿ ಹತ್ತಿ ಬಿಟ್ಟರೆ ಬೇರೇನೂ ಬೆಳೆಯುತ್ತಿರಲಿಲ್ಲ. ಕೃಷ್ಣೆಯ ನೀರು ಕಾಲುವೆಯಲ್ಲಿ ಬಂದ ಮೇಲೆ ಭತ್ತ ಬಂತು. ಭತ್ತದ ಜೊತೆಗೆ ಗೊಬ್ಬರದ ಚೀಲಗಳು, ಹುಳಕ್ಕೆ ಎಣ್ಣೆ ಹೊಡೆಯುವ ಡಬ್ಬಿಗಳು, ಮೊಣಕಾಲುದ್ದದ ಕೆಸರು ಬಂದವು. ನಮ್ಮ ಜನ ಕಾಲವನ್ನೇ ಎರಡು ಪಾಲು ಮಾಡಿದರು. ಮೊದಲ ಪಾಲಿನಲ್ಲಿ ಹಸಿವಿತ್ತು, ಆದರೆ ರೋಗವಿರಲಿಲ್ಲ. ಎರಡನೆಯ ಪಾಲಿನಲ್ಲಿ ಅನ್ನವಿದೆ, ರೋಗವೂ ಇದೆ. ಯಾರಿಗೆ ಕ್ಯಾನ್ಸರ್ ಎಂದು ತಿಳಿದರೂ ಮೊದಲ ಪ್ರಶ್ನೆ, ಎಷ್ಟು ವರ್ಷ ಗದ್ದೆಯಲ್ಲಿ ನಿಂತು ಸಸಿ ಹಚ್ಚಿದಳು ಎಂಬುದೇ. ನನ್ನ ತಂಗಿ ಇಪ್ಪತ್ತು ವರ್ಷ ಸಸಿ ಹಚ್ಚಿದ್ದಳು. ಅಲ್ಲಿಗೆ ಲೆಕ್ಕ ಮುಗಿದಿತ್ತು.

ಕೆಸರಿನಲ್ಲಿ ಬೆರೆಯುವ ವಿಷ ಮೈಗೆ ಏನೂ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅದನ್ನು ಬಲ್ಲವರು ಹೇಳಬೇಕು. ಆದರೆ ಆ ನಂಬಿಕೆಯಿಂದಾಗಿ ನಾವ್ಯಾರೂ ಕಾಲುವೆಯ ಆಚೆಗೆ ತಿರುಗಿ ನೋಡಲೇ ಇಲ್ಲ. ಓದಿದ ನಾನೂ ನೋಡಲಿಲ್ಲ. ತಂಗಿಯ ಮಗಳನ್ನು ಹತ್ತನೆಯ ತರಗತಿ ಮುಗಿದ ಕೂಡಲೇ ಶಹಾಪುರಕ್ಕೆ ಕರೆದುಕೊಂಡು ಬಂದವಳು ನಾನೇ. “ಇಕಿ ಕೆಸರ ತುಳಿಯಂಗಿಲ್ಲ, ಇಕಿಗೆ ಏನೂ ಆಗಂಗಿಲ್ಲ” ಎಂದು ತಂಗಿಗೆ ಧೈರ್ಯ ಹೇಳಿದವಳೂ ನಾನೇ. ಕೆಸರಿನಿಂದ ದೂರವಿಟ್ಟ ಮಾತ್ರಕ್ಕೆ ಹುಡುಗಿಯನ್ನು ಕಾಪಾಡಿದೆವೆಂದು ಎಂಟು ವರ್ಷ ನೆಮ್ಮದಿಯಾಗಿದ್ದೆವು.

ಆ ರಾತ್ರಿ ನನಗೆ ಅವ್ವನ ನೆನಪು ಬಿಡಲಿಲ್ಲ. ಅವ್ವ ಸತ್ತಾಗ ನನಗೆ ಹದಿನಾರು, ನನ್ನ ತಂಗಿಗೆ ಒಂಬತ್ತು ತಿಂಗಳು. ನನ್ನ ನೆನಪಿನಲ್ಲಿರುವುದು ಬೇವಿನೆಲೆ ಕುದಿಸಿದ ನೀರಿನ ವಾಸನೆ, ಬಿಗಿಯಾಗಿ ಸುತ್ತಿದ ಹಳೆಯ ಧೋತರದ ಪಟ್ಟಿ, ಮತ್ತು ಅವ್ವ ಮಲಗಿದ್ದ ಕೋಣೆಯ ಬಾಗಿಲನ್ನು ಯಾವಾಗಲೂ ಅರ್ಧ ಮುಚ್ಚಿರುತ್ತಿದ್ದ ಸಂಗತಿ. ಹಾಲು ಕಟ್ಟಿಕೊಂಡು ಎದೆ ಕೆಟ್ಟು ಸತ್ತಳು ಎಂದು ಮನೆಯವರು ಹೇಳಿದರು. ಊರು ಅದನ್ನು ನಂಬಿತು, ಅಷ್ಟಕ್ಕೆ ಬಿಡಲಿಲ್ಲ. ಕೂಸು ಮೊಲೆ ಹಿಡಿಯಲಿಲ್ಲ, ಅದಕ್ಕೇ ಹಾಲು ಕಟ್ಟಿಕೊಂಡಿತು ಎಂದರು. ನನ್ನ ತಂಗಿ ಬಾವಿಕಟ್ಟೆಯಲ್ಲಿ ಆಡುತ್ತಿದ್ದಾಗ “ಅವ್ವನ್ನ ತಿಂದ ಕೂಸು” ಎಂದವರು ಮೂವರು. ಅವರಲ್ಲಿ ಇಬ್ಬರು ಈಗಿಲ್ಲ. ಮೂರನೆಯವಳು ಇದ್ದಾಳೆ, ಸಂತೆಯಲ್ಲಿ ಎದುರಾದರೆ ನಾನು ಇಂದಿಗೂ ದಾರಿ ಬದಲಿಸುತ್ತೇನೆ. ಆದರೆ ನನ್ನ ತಂಗಿ ಆ ಮಾತನ್ನು ನಂಬಿಯೇ ಬೆಳೆದಳು. ಮಗಳು ಹುಟ್ಟಿದಾಗ ಅದು ಒಂದು ದಿನ ಹಾಲು ಕುಡಿಯಲು ಹಟ ಮಾಡಿದರೆ ಇವಳು ಹೆದರಿ ನಡುಗುತ್ತಿದ್ದುದನ್ನು ನಾನು ಕಂಡಿದ್ದೇನೆ.

ಅವ್ವನಿಗೆ ನಿಜವಾಗಿ ಏನಾಗಿತ್ತೆಂದು ಬಲ್ಲವರು ಯಾರು? ವೈದ್ಯರು ನೋಡಿರಲಿಲ್ಲ. ನಮ್ಮ ಕಡೆ ಹೆಂಗಸು ಸತ್ತರೆ ತವರಿನ ಹೆಂಗಸರು ಬಂದು ಮೈ ತೊಳೆಯುತ್ತಾರೆ. ನಾಲ್ಕು ಜನ ಸೀರೆಗಳನ್ನು ಮರೆಯಾಗಿ ಹಿಡಿಯುತ್ತಾರೆ. ಒಳಗಿರುವವರು ನೀರು ಹಾಕುತ್ತಾರೆ. ಆ ಮರೆಯೊಳಗೆ ಕಂಡದ್ದನ್ನು ಹೊರಗೆ ಆಡುವಂತಿಲ್ಲ. ಅವ್ವನ ಮೈ ತೊಳೆದದ್ದು ಆರೈಕೆಗೆಂದು ಶಿರವಾಳದಿಂದ ಮೊದಲೇ ಬಂದಿದ್ದ ನನ್ನ ಸೋದರತ್ತೆ, ಅಂದರೆ ಅವ್ವನ ಅಣ್ಣನ ಹೆಂಡತಿ. ನಾನೂ ತಂಬಿಗೆ ಹಿಡಿದು ಒಳಗೆ ಹೋದೆ. ಅವಳು ನನ್ನ ರಟ್ಟೆ ಹಿಡಿದು, “ನೀ ಯಾಕ ಬಂದಿ ಇಲ್ಲಿ, ಹೊರಗ ನಡಿ” ಎಂದು ದಬ್ಬಿದಳು. ನಾನು ಅಂಗಳದಲ್ಲಿ, ಎಲ್ಲರೆದುರು, ತಂಬಿಗೆಯ ಸಮೇತ ಬಿದ್ದೆ. ಹೆತ್ತ ತಾಯಿಗೆ ಒಂದು ತಂಬಿಗೆ ನೀರು ಹಾಕುವುದನ್ನೂ ಅವಳು ನನಗೆ ಬಿಟ್ಟುಕೊಡಲಿಲ್ಲ. ಅವಳ ಹೊಸ್ತಿಲು ತುಳಿಯುವುದಿಲ್ಲವೆಂದು ಅಂದೇ ನಿಶ್ಚಯಿಸಿದೆ. ಐವತ್ತೊಂದು ವರ್ಷ ತುಳಿದಿರಲಿಲ್ಲ. ಸೋದರಮಾವ ತೀರಿಕೊಂಡಾಗಲೂ ಅವರ ಅಂಗಳದಲ್ಲಿ ನಿಂತು ಕೈಮುಗಿದು ಬಂದವಳು ನಾನು.

ಅವಳೊಬ್ಬಳೇ ಉಳಿದಿದ್ದಳು. ಅವ್ವನ ತಾಯಿ, ಅಂದರೆ ಅಜ್ಜಿ, ಅವಳಿಗೆ ಅತ್ತೆ. ಅವ್ವನ ತಂಗಿ ಚಿಕ್ಕವ್ವ ಅವಳಿಗೆ ನಾದಿನಿ. ಅವರಿಬ್ಬರೂ ಸತ್ತದ್ದು ಅದೇ ಶಿರವಾಳದ ಮನೆಯಲ್ಲಿ. ಮೂವರಿಗೂ ಕೊನೆಯ ನೀರು ಹಾಕಿದ ಕೈ ಒಂದೇ. ನನ್ನ ಹಟವೋ, ಹುಡುಗಿಯ ಜೀವವೋ ಎಂದು ನನ್ನನ್ನು ನಾನೇ ಕೇಳಿಕೊಂಡ ಮೇಲೆ ಹೆಚ್ಚು ಹೊತ್ತು ಯೋಚಿಸಲಿಕ್ಕೆ ಏನೂ ಉಳಿಯಲಿಲ್ಲ. ಮುಂದಿನ ಭಾನುವಾರ ತಂಗಿಯನ್ನು ಕರೆದುಕೊಂಡು ಶಿರವಾಳಕ್ಕೆ ಹೊರಟೆ.

ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಮೊರದಲ್ಲಿ ತೊಗರಿಬೇಳೆ ಕೇರುತ್ತಿದ್ದಳು. ಎಂಬತ್ತೈದು ದಾಟಿರಬೇಕು, ಕಣ್ಣಿಗೆ ಪೊರೆ ಬಂದಿತ್ತು, ಆದರೆ ಮೊರ ಹಿಡಿದ ಕೈ ತಪ್ಪುತ್ತಿರಲಿಲ್ಲ.

“ಯಾರವಾ ಅದು?”

“ಅತ್ತಿ, ನಾವು ದೋರನಹಳ್ಳಿಯವ್ರು,” ಎಂದಳು ತಂಗಿ. “ಅಕ್ಕನೂ ಬಂದಾಳ.”

“ಯಾವ ಅಕ್ಕ? ಆ ಸಾಲಿ ಅಕ್ಕೋರಾ?” ಮೊರ ನಿಂತಿತು. “ಇವತ್ತ ಸೂರ್ಯ ಯಾವ ಕಡಿ ಹುಟ್ಯಾನವಾ? ಬಾ, ಒಳಗ ಬಾ. ಹೊಸ್ತಿಲಾ ನಿನ್ನ ಕಡಿಯಂಗಿಲ್ಲ.”

“ನಾ ಚಹಾ ಕುಡ್ಯಾಕ ಬಂದಿಲ್ಲತ್ತಿ. ಒಂದು ಮಾತು ಕೇಳಾಕ ಬಂದೀನಿ.”

“ಐವತ್ತು ವರ್ಷ ಕೂಡಿಟ್ಟೀ, ಒಂದಾ ಮಾತಾ?” ಎಂದು ಬೊಚ್ಚುಬಾಯಿ ತೆರೆದು ನಕ್ಕಳು. “ಕೇಳು ಹಂಗಾರ.”

ಕೇಳಿದೆ. ಅಜ್ಜಿಗೆ ಏನಾಗಿತ್ತು, ಚಿಕ್ಕವ್ವನಿಗೆ ಏನಾಗಿತ್ತು, ನಮ್ಮವ್ವನಿಗೆ ಏನಾಗಿತ್ತು. ಅತ್ತೆಯ ನಗು ಹೋಯಿತು. “ಜ್ವರ ಬಂದಿತ್ತು ನಿಮ್ಮಜ್ಜಿಗೆ. ಅವ್ರೆಲ್ಲ ಹೋಗಿ ಯಾ ಕಾಲ ಆತು. ಈಗ್ಯಾಕ ಕೆದರ್ತೀರಿ” ಎಂದು ಮತ್ತೆ ಬೇಳೆ ಕೇರತೊಡಗಿದಳು. ಎಷ್ಟು ಕೇಳಿದರೂ ಜ್ವರ, ಹಾಲು, ದೇವರ ಇಚ್ಛೆ. ಅದೇ ಮೂರು ಉತ್ತರ. ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತೆ.

ಆಗ ನನ್ನ ತಂಗಿ ಎದ್ದು ಬಾಗಿಲು ಮುಚ್ಚಿ ಬಂದಳು. ಅತ್ತೆಯ ಎದುರು ಕುಳಿತು, ಮಗಳು ಹೊಲಿದ ಆ ಬ್ಲೌಸಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಮುದುಕಿಯ ಕೈಯನ್ನು ಹಿಡಿದು ತನ್ನ ಬಲ ಎದೆಯ ಮೇಲೆ, ಹೊಲಿಗೆಯ ಗುರುತಿನ ಮೇಲೆ ಇಟ್ಟುಕೊಂಡಳು.

ಅತ್ತೆಯ ಬೆರಳು ಆ ಗುರುತಿನ ಉದ್ದಕ್ಕೂ ಕಂಕುಳಿನವರೆಗೆ ಹೋಗಿ ನಿಂತಿತು. “ನಿನಗೂ ಬಂತೇನವ್ವಾ,” ಎಂದಳು. ಆಮೇಲೆ ತಾನಾಗಿಯೇ ಹೇಳತೊಡಗಿದಳು. “ನಿಮ್ಮಜ್ಜಿಗಿ ಎಡಕ್ಕಿತ್ತು, ಒಡದಿತ್ತು. ನಿಮ್ಮ ಚಿಕ್ಕವ್ವಗ ಎರಡೂ ಕಡಿ. ನಿಮ್ಮವ್ವಗ ಬಲಕ್ಕ, ಇಲ್ಲೇ, ಕಂಕಳತನಾ, ಕಲ್ಲ ಇದ್ದಂಗ ಇತ್ತು. ನಾನ ತೊಳದೀನಿ ಮೂರೂ ಮಂದೀನ. ಈ ಕೈಲೆ.”

“ಹಾಲು ಕಟ್ಟಿಕೊಂಡಿದ್ದು?” ಎಂದಳು ತಂಗಿ.

“ಯಾವ ಹಾಲು? ಅದು ನಾವ ಹೇಳಿದ ಮಾತು. ಮಂದಿಗಿ ಏನರ ಹೇಳ್ಬೇಕಿತ್ತಲ್ಲ. ನೀ ಹೊಟ್ಟ್ಯಾಗ ಇರೂಕಿಂತ ಮೊದಲ ಆ ಗಂಟು ಇತ್ತು. ನಿಮ್ಮವ್ವ ನನ್ನ ಹಿತ್ತಲಕ್ಕ ಕರಕೊಂಡು ಹೋಗಿ ತೋರ್ಸಿದ್ದಳು.”

“ನಾ ಮೊಲಿ ಬಿಟ್ಟಿದ್ದೆ ಅಂತಾರ.”

“ಯಾರಂತಾರ? ಅವರ ಬಾಯಾಗ ಮಣ್ಣ ಹಾಕ್ಲಿ. ಸಾಯೋ ಹಿಂದಿನ ದಿನತನಾ ಎಡಗಡಿ ಕುಡದೀ ನೀ. ನಾನ ಎತ್ತಿ ಹಚ್ತಿದ್ದೆ.”

ನನ್ನ ತಂಗಿ ಅಳಲಿಲ್ಲ. ಗುಂಡಿಗಳನ್ನು ಹಾಕಿಕೊಂಡಳು, ಒಂದು ತಪ್ಪಿತು, ಮತ್ತೆ ಬಿಚ್ಚಿ ಹಾಕಿಕೊಂಡಳು. ಆಮೇಲೆ ಅತ್ತೆಯ ಮುಂದಿದ್ದ ಮೊರವನ್ನು ತನ್ನ ಕಡೆಗೆ ಎಳೆದುಕೊಂಡು ಉಳಿದ ಬೇಳೆಯನ್ನು ಕೇರತೊಡಗಿದಳು. ಆ ದಿನ ಅವಳು ಬಹಳ ಹೊತ್ತು, ಬೇಳೆ ಮುಗಿದ ಮೇಲೂ, ಆ ಪಡಸಾಲೆಯಿಂದ ಏಳಲಿಲ್ಲ.

ನನ್ನ ಒಂದು ಪ್ರಶ್ನೆ ಉಳಿದಿತ್ತು. “ನನ್ನ ಯಾಕ ಹೊರಗ ದಬ್ಬಿದಿ?”

“ಇನ್ನಾ ಅದನ್ನ ಹಿಡ್ಕೊಂಡು ಕುಂತೀಯೇನು?” ಎಂದಳು ಅತ್ತೆ. “ನಿನ್ನ ನಾಲಿಗಿ ಮ್ಯಾಲ ಸುಳ್ಳು ನಿಂದರಂಗಿಲ್ಲ, ಸಣ್ಣಾಕಿದ್ದಾಗಿಂದ ನೋಡೀನಿ. ನೀ ಅವತ್ತ ನೋಡಿದ್ದರ ಯಾರ ಕೇಳಿದ್ರೂ ಹೌದ್ರಿ ಅಂತಿದ್ದಿ. ಎದಿಗಡ್ಡಿ ಮನೆತನ ಅಂದ್ರ ನಿಮ್ಮಿಬ್ಬರ್ನ ಯಾರ ಮಾಡ್ಕೊಂತಿದ್ರು? ನೋಡ್ಲಾರ್ದಾಕಿ ಇಲ್ಲ ಅಂದ್ರ ಅದು ಸುಳ್ಳಾಗಂಗಿಲ್ಲ.”

ಅವಳ ಕಾರಣ ಒಳ್ಳೆಯದೇ ಇರಬಹುದು. ಆದರೆ ಕಾರಣ ಒಳ್ಳೆಯದಾದ ಮಾತ್ರಕ್ಕೆ ಬಿದ್ದ ಪೆಟ್ಟು ಬೀಳದೇ ಹೋಗುವುದಿಲ್ಲ; ಅವಳಿಗೆ ಅದನ್ನು ಹೇಳಿಯೂ ಹೇಳಿದೆ. “ಆತು ಬಿಡು, ತಪ್ಪಾತು ಅಂತ ತಿಳ್ಕೊ” ಎಂದಳು. ಅಷ್ಟು ಅಸಡ್ಡೆಯಿಂದ ಕೇಳಿದ ಕ್ಷಮೆಯನ್ನು ನಾನು ಇನ್ನಾರಿಂದಲೂ ಸ್ವೀಕರಿಸುತ್ತಿರಲಿಲ್ಲ. ಅವಳು ತಂದಿಟ್ಟ ಚಹಾ ಮಾತ್ರ ಕುಡಿದೆ. ಮೂವರೂ ಎಷ್ಟನೆಯ ವಯಸ್ಸಿನಲ್ಲಿ, ಎಷ್ಟು ತಿಂಗಳು ನರಳಿ ಸತ್ತರು ಎಂಬುದನ್ನು ಅವಳ ಬಾಯಿಂದಲೇ ಕೇಳಿ, ಅವಳ ಮಕ್ಕಳ ಹುಟ್ಟಿಗೆ, ನನ್ನ ಶಾಲೆಯ ತರಗತಿಗಳಿಗೆ ತಾಳೆ ಹಾಕಿ ನೋಡಿ, ನಾಲ್ಕು ಪುಟ ಬರೆದುಕೊಂಡೆ. ಅಜ್ಜಿಗೆ ಐವತ್ತರ ಒಳಗೆ. ಅವ್ವನಿಗೆ ಮೂವತ್ತಾರು. ಚಿಕ್ಕವ್ವನಿಗೆ ಮೂವತ್ತೊಂದು. ಮೂವರೂ ಕಾಲುವೆಯ ನೀರನ್ನು ಕಣ್ಣಿನಿಂದಲೂ ಕಾಣದವರು.

ಮುಂದಿನ ಶಿಬಿರಕ್ಕೆ ಹುಡುಗಿಯನ್ನೂ ಕರೆದುಕೊಂಡು ಹೋದೆವು. ಮೇಜಿನ ಹಿಂದೆ ಅದೇ ಮನುಷ್ಯ. ನನ್ನ ನಾಲ್ಕು ಪುಟಗಳನ್ನು ಮುಟ್ಟದೆಯೇ ನೋಡಿ, “ಇದು ನಡೆಯಂಗಿಲ್ರಿ ಅಕ್ಕೋರ. ಸತ್ತವ್ರ ದವಾಖಾನಿ ಕಾಗದ ಬೇಕು” ಎಂದ.

“ದವಾಖಾನಿ ಮುಖಾನ ನೋಡದ ಸತ್ತವ್ರ ಕಾಗದ ಎಲ್ಲಿಂದ ತರ್ಲಿ? ನೀವು ಕೇಳೋದು ಕಾಗದಾನೋ, ಖರೇನೋ?”

“ನನ್ನ ಮ್ಯಾಲ ಯಾಕ ಸಿಟ್ಟಾಗ್ತೀರಿ? ಫಾರ್ಮಿನಾಗ ಹಂಗ ಅದ.”

“ಫಾರ್ಮು ತೋರ್ಸ್ರಿ. ಎಲ್ಲಿ ಹಂಗ ಅದ, ಓದಿ ಹೇಳ್ರಿ.”

ಅವನು ಹುಡುಕಿದ. ಫಾರ್ಮಿನಲ್ಲಿ ಅಂಥ ಸಾಲು ಇರಲೇ ಇಲ್ಲ. ಬೆರಳನ್ನು ಎರಡು ಬಾರಿ ಮೇಲಿಂದ ಕೆಳಗೆ ಎಳೆದ. ನಮ್ಮ ಹಿಂದೆ ಸಾಲಿನಲ್ಲಿದ್ದ ಹೆಂಗಸೊಬ್ಬಳು, “ಅಕ್ಕೋರು ಪರೀಕ್ಷಾ ತಗೊಳ್ಳಾಕತ್ತಾರ ನೋಡ್ರೇ” ಎಂದಳು; ಸಾಲಿಗೆ ಸಾಲೇ ನಕ್ಕಿತು. ಆ ಗದ್ದಲಕ್ಕೆ ಒಳಕೋಣೆಯಿಂದ ಒಬ್ಬಳು ತರುಣಿ ಹೊರಗೆ ಬಂದಳು. ಮನೆತನದ ರೋಗಗಳ ವಿಷಯದಲ್ಲಿ ಸಲಹೆ ಕೊಡುವವಳು ಅವಳೇ. ಮೊದಲು ನನ್ನನ್ನಲ್ಲ, ನನ್ನ ತಂಗಿಯನ್ನು ನೋಡಿ, “ಬರ್ರಿ ಅಮ್ಮಾ, ಒಳಗ ಕುಂತು ಮಾತಾಡೋಣ” ಎಂದಳು. ಆ ಒಂದು ಬಹುವಚನಕ್ಕೆ ನಾನು ಅವಳಿಗೆ ಇಂದಿಗೂ ಋಣಿ.

ಅವಳು ನನ್ನ ಬರಹವನ್ನು ಪೂರ್ತಿ ಓದಿದಳು. ಬಿಳಿಯ ಹಾಳೆಯ ಮೇಲೆ ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ ಬರೆದು, ರೋಗ ಬಂದವರ ವೃತ್ತಕ್ಕೆ ಕಪ್ಪು ತುಂಬುತ್ತ ಹೋದಳು. ಅಜ್ಜಿ, ಅವ್ವ, ಚಿಕ್ಕವ್ವ, ತಂಗಿ. ಕೊನೆಗೆ ಕೆಳಗೆ ಒಂದು ಖಾಲಿ ವೃತ್ತ ಉಳಿಯಿತು. ಹುಡುಗಿ ಅದರ ಮೇಲೆ ಬೆರಳಿಟ್ಟು, “ಇದು ನಾನೇನ್ರಿ?” ಎಂದಳು.

“ಹೌದು. ಇದನ್ನ ಹೇಳಿದವ್ರು ಯಾರ್ರಿ ಅಕ್ಕೋರ?”

“ಮೈ ತೊಳದಾಕಿ,” ಎಂದೆ.

ಅವಳ ಪೆನ್ನು ನಿಂತಿತು. “ಇದಕ್ಕಿಂತ ಗಟ್ಟಿ ಸಾಕ್ಷಿ ನನಗ ಇಲ್ಲಿತನಕ ಯಾರೂ ತಂದಿಲ್ರಿ” ಎಂದು ಹೇಳಿ, ಹಳೆಯ ಅರ್ಜಿಯನ್ನು ತರಿಸಿ, ಅಡ್ಡಗೆರೆಯ ಪಕ್ಕದಲ್ಲಿ ತನ್ನ ಸಹಿ ಹಾಕಿ ಅದನ್ನು ರದ್ದು ಮಾಡಿದಳು. ಬಾಗಿಲಲ್ಲಿ ನಿಂತಿದ್ದ ಆ ಮನುಷ್ಯನ ಕಡೆಗೆ ನಾನು ತಿರುಗಿ ನೋಡಿದೆನೆಂದು ಒಪ್ಪಿಕೊಳ್ಳುತ್ತೇನೆ. ಸ್ವಲ್ಪ ಹೆಚ್ಚು ಹೊತ್ತೇ ನೋಡಿದೆ.

ಆಮೇಲೆ ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ದೋಷ ಇದ್ದ ತಾಯಿಯಿಂದ ಅಥವಾ ತಂದೆಯಿಂದ ಅದು ಮಗುವಿಗೆ ಬರಬಹುದು, ಬಾರದೆಯೂ ಇರಬಹುದು, ಅರ್ಧಕ್ಕರ್ಧ. ಬಂದರೂ ಅದು ರೋಗವಲ್ಲ, ರೋಗದ ಸಾಧ್ಯತೆ. ಹುಡುಗಿಗೆ ಅರ್ಥವಾಗಲೆಂದು, “ನೀವು ಹೊಲಿಯೋರಲ್ಲ? ಕತ್ತರಿಸೋ ಕಾಗದದಾಗ ಒಂದು ಕಡೆ ಗೆರಿ ತಪ್ಪಿದ್ದರ, ಅದನ್ನಿಟ್ಟು ಕತ್ತರಿಸಿದ ಬಟ್ಟಿಗೂ ಆ ತಪ್ಪು ಇಳೀಬಹುದು” ಎಂದಳು.

“ಮೊದಲ ಗೊತ್ತಾದ್ರ ನಾ ಹೊಲಿಗ್ಯಾಗ ಸರಿಮಾಡ್ತೀನ್ರಿ,” ಎಂದಳು ಹುಡುಗಿ.

“ಇದನ್ನ ಸರಿಮಾಡಾಕ ಬರಂಗಿಲ್ಲ. ಕಣ್ಣಿಟ್ಟು ಕಾಯಾಕ ಬರ್ತದ.”

ಅವಳು ಸುಳ್ಳು ಸಮಾಧಾನ ಹೇಳಲಿಲ್ಲ ಎಂಬುದನ್ನು ಗಮನಿಸಿದೆ. ಎದ್ದು ಹೊರಡುವಾಗ ನನ್ನನ್ನು ತಡೆದು, “ಅಕ್ಕೋರ, ಹಾಳಿ ಮ್ಯಾಲ ನಿಮ್ಮ ವೃತ್ತನೂ ಅದಲ್ಲ?” ಎಂದಳು. ಆ ತನಕ ನಾನೂ ಅದೇ ತಾಯಿಯ ಮಗಳು ಎಂಬುದು ನನಗೆ ಹೊಳೆದಿರಲೇ ಇಲ್ಲ.

ತಂಗಿಯ ರಕ್ತದ ಫಲಿತಾಂಶ ಬರಲು ಹಲವು ವಾರ ಹಿಡಿಯಿತು. ದೋಷ ಇತ್ತು. ಆಮೇಲೆ ಹುಡುಗಿಯದೂ ನನ್ನದೂ ರಕ್ತ ಕೊಟ್ಟೆವು. ಫಲಿತಾಂಶದ ದಿನ ಒಬ್ಬೊಬ್ಬರನ್ನೇ ಒಳಗೆ ಕರೆದರು. ನನ್ನಲ್ಲಿ ಅದಿಲ್ಲ ಎಂದು ತಿಳಿದಾಗ ನನಗೆ ಸಂತೋಷವಾಗಲಿಲ್ಲ, ನಾಚಿಕೆಯಾಯಿತು. ಅರವತ್ತೇಳರ ನನ್ನನ್ನು ಬಿಟ್ಟು ಅದು ನನ್ನ ತಂಗಿಯನ್ನು ಹಿಡಿದದ್ದು ಯಾವ ನ್ಯಾಯ? ಹಲವರಿಗೆ ಹೀಗನ್ನಿಸುತ್ತದೆ, ಅದು ನಿಮ್ಮ ತಪ್ಪಲ್ಲ ಎಂದಳು ಆ ತರುಣಿ. ತಪ್ಪಲ್ಲವೆಂದು ನನಗೂ ಗೊತ್ತಿತ್ತು.

ಹುಡುಗಿ ಒಬ್ಬಳೇ ಒಳಗೆ ಹೋದಳು, ತುಸು ಹೊತ್ತಾದ ಮೇಲೆ ಹೊರಗೆ ಬಂದಳು. ತಾಯಿಯ ಪಕ್ಕದಲ್ಲಿ ಕುಳಿತು, “ಅದ ಯವ್ವಾ, ನನಗೂ ಅದ” ಎಂದಳು. ನನ್ನ ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಹುಡುಗಿ ಚೀಟಿ ಬಿಚ್ಚಿ ಓದಿದಳು: ಆರು ತಿಂಗಳಿಗೊಮ್ಮೆ ವೈದ್ಯರ ಕೈಯಲ್ಲಿ ಪರೀಕ್ಷೆ, ವರ್ಷಕ್ಕೊಮ್ಮೆ ಕಲಬುರಗಿಯಲ್ಲಿ ಸ್ಕ್ಯಾನ್, ಎರಡೂ ಶಿಬಿರದ ಚೀಟಿಯ ಮೇಲೆ ಉಚಿತ, ಮಕ್ಕಳಾದ ಮೇಲೆ ಇನ್ನೇನು ಮಾಡಬಹುದೆಂದು ಆಗ ಮಾತು. “ಅಜ್ಜಿಗಿ ಇದನ್ನ ಯಾರೂ ಹೇಳಿದ್ದಿಲ್ಲ ದೊಡ್ಡವ್ವ,” ಎಂದಳು ನನಗೆ. “ನನಗ ಹೇಳ್ಯಾರ. ಏಳ್ರಿ ಇನ್ನ, ಸಂಜಿಮುಂದ ಎರಡು ಬ್ಲೌಸ್ ಕೊಡೋದದ, ಗಿರಾಕಿ ಬೈತಾಳ.” ಬಸ್ಸಿನಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿ ಅವಳು ಅತ್ತಳು, ನಾವಿಬ್ಬರೂ ಕಾಣದವರಂತೆ ಕುಳಿತೆವು. ಮೊದಲ ವರ್ಷದ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಎರಡನೆಯ ವರ್ಷವೂ ಇರಲಿಲ್ಲ.

ಆ ಎರಡನೆಯ ವರ್ಷ ಸುರಪುರದಿಂದ ಒಂದು ಸಂಬಂಧ ಬಂತು. ಹುಡುಗ ವಿದ್ಯುತ್ ಲೈನಿನ ಕೆಲಸದವನು. ಬಂದು ನೋಡಿ ಒಪ್ಪಿಕೊಂಡು ಹೋಗಿದ್ದರು; ನಾವು ಅವರ ಮನೆ ನೋಡಲು ಹೋಗುವುದಿತ್ತು. ಹಿಂದಿನ ದಿನ ನಮ್ಮ ಮನೆಯಲ್ಲಿ ದೊಡ್ಡ ಜಗಳ.

“ಮದಿವ್ಯಾಗಿ ಅಕ್ಕಿಕಾಳು ಬಿದ್ದ ಮ್ಯಾಲ ಹೇಳಿದ್ರಾತು,” ಎಂದಳು ತಂಗಿ. “ಈಗ ಹೇಳಿದ್ರ ಯಾರ ಮಾಡ್ಕೊಂತಾರಕ್ಕ?”

“ಅತ್ತಿ ಹಿಂಗ ಅಂದಿದ್ದಕ್ಕ ನಾವು ಐವತ್ತು ವರ್ಷ ಕುರುಡರಾಗಿದ್ವಿ,” ಎಂದೆ.

“ನಾ ಅವಗ ಫೋನಿನಾಗ ಆಗಲೇ ಹೇಳೀನಿ,” ಎಂದಳು ಹುಡುಗಿ, ಕತ್ತರಿಯಿಂದ ತಲೆಯೆತ್ತದೆ. “ಯೋಚನಿ ಮಾಡ್ತೀನಿ ಅಂದಾನ. ಅವರವ್ವಗ ನೀವು ಹೇಳ್ರಿ ದೊಡ್ಡವ್ವ. ನನಗ ಆಗಂಗಿಲ್ಲ.”

ಸುರಪುರದ ಆ ಮನೆಯಲ್ಲಿ ಚಹಾದ ಬಟ್ಟಲು ಕೈಗೆ ಬಂದ ಕೂಡಲೇ ಹೇಳಿಬಿಟ್ಟೆ. ಅಜ್ಜಿಯಿಂದ ಹುಡುಗಿಯವರೆಗೆ ಒಂದನ್ನೂ ಬಿಡಲಿಲ್ಲ. ಹುಡುಗನ ತಾಯಿ ಥಟ್ಟನೆ ಎದ್ದು ಅಡುಗೆಮನೆಗೆ ಹೋದರು. ಮನೆಗೆ ಬಂದವರ ಎದುರಿನಿಂದ ಹಾಗೆ ಎದ್ದು ಹೋಗುವುದು ಏನೆಂದು ನನಗೆ ಗೊತ್ತು. ಬಟ್ಟಲನ್ನು ಕೆಳಗಿಟ್ಟು, “ನಡಿ” ಎಂದು ತಂಗಿಗೆ ಸನ್ನೆ ಮಾಡಿದೆ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು: “ಅಕ್ಕೋರ, ನೀವೊಬ್ಬರಾ ಇಲ್ಲಿ ಬರ್ರಿ.”

ಹೋದೆ. ಆಕೆ ಒಲೆಕಟ್ಟೆಗೆ ಎರಡೂ ಕೈ ಊರಿ ನಿಂತಿದ್ದರು. ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು.

“ಆ ಯಾದಗಿರಿಗಿ ಬರೋ ಡಾಕ್ಟರ್ ಬಾಯಿಯವ್ರು, ಅವರು ಹೊಟ್ಟ್ಯಾಗಿನ ಗಂಟಿಂದೂ ನೋಡ್ತಾರೇನ್ರಿ?”

“ನೋಡ್ತಾರಂತ ಕೇಳೀನ್ರಿ. ಯಾಕ್ರಿ?”

“ನಮ್ಮಕ್ಕ ಹ್ವಾದ ವರ್ಷ ಹ್ವಾದ್ಳು. ನಮ್ಮವ್ವನೂ ಹಂಗಾ ಹೋಗಿದ್ದಳು. ಮನ್ಯಾಗ ಯಾರಿಗೂ ಹೇಳಿಲ್ರಿ ನಾ. ನನಗ ಇನ್ನ ಎರಡು ಹೆಣ್ಮಕ್ಕಳು ಅದಾವ.” ಸೆರಗಿಗೆ ಕೈ ಒರೆಸಿಕೊಂಡು, “ನಿಮ್ಮ ಹುಡುಗಿದು ನಾವು ಒಲ್ಲೆ ಅನ್ನಂಗಿಲ್ರಿ. ಅದು ಆಮ್ಯಾಲ ಮಾತಾಡೋಣ. ಮೊದಲ ನನಗ ಇದನ್ನ ಹೇಳ್ರಿ, ಯಾವ ವಾರ ಬರ್ತಾರ ಅವ್ರು?” ಎಂದರು.

“ತಿಂಗಳಿನ ಎರಡನೇ ಮಂಗಳವಾರ,” ಎಂದೆ. “ಮುಂಜಾನಿ ಮೊದಲ ಬಸ್ಸಿಗೆ ಬರ್ರಿ, ಹೆಣ್ಮಕ್ಕಳನ್ನೂ ಕರಕೊಂಡು ಬರ್ರಿ. ನಾನೂ ಹುಡುಗಿನೂ ಶಹಾಪುರದಾಗ ಹತ್ತತೀವಿ. ಅಲ್ಲಿ ಮೇಜಿನ ಹಿಂದ ಒಬ್ಬಂವ ಕುಂತಿರ್ತಾನ. ಅಂವಗ ಏನೂ ಉತ್ತರ ಕೊಡಬ್ಯಾಡ್ರಿ, ನಾ ಕೊಡ್ತೀನಿ.”